ಎಲ್ ಅಂದರೆ ಲಾರಿಯಲ್ಲ

ಜಕ್ಕಲಿಯ ಕಳಕಪ್ಪ ಚಕ್ಕಡಿ ಬಿಟ್ಟು ಲಾರಿ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಆದರೆ ಅವನ ಮಾತು ಕೇಳಿದವರು ಲಾರಿ ಹುಟ್ಟಿದ್ದೇ ಅವನ ಹಿತ್ತಲಲ್ಲಿ ಅಂದುಕೊಳ್ಳಬೇಕು. ಅಂಥ ಲಾರಿಯ ಹಿಂದಿನ ಅಚ್ಚು ಎಡಗಡೆ ಕರಕರ ಅಂದು, ಎಣ್ಣೆ ಸೋರತೊಡಗಿತು. ಕಳಕಪ್ಪ ಕಣದಲ್ಲೇ ಲಾರಿ ನಿಲ್ಲಿಸಿ, ಜಾಕ್ ಕೊಟ್ಟು ಎತ್ತಿ, ಎಡಗಾಲಿ ಕಳಚಿದ. ಅಲ್ಲಿಗೆ ಸಿಕ್ಕಿಬಿದ್ದ. ಅಚ್ಚಿನ ತುದಿಯ ದೊಡ್ಡ ನಟ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಮುಂಜಾನಿಂದ ಜಗ್ಗಾಕತ್ತೀರಿ," ಎಂದಳು ಹೆಂಡತಿ ಫಕೀರವ್ವ. "ಗಜೇಂದ್ರಗಡದ ನಜೀರಸಾಬ ಮೇಸ್ತ್ರಿಗೆ ಹೇಳಿ ಕಳಿಸೀರಲ್ಲ, ಮಧ್ಯಾಹ್ನದ ಮೋಟಾರಿಗೆ ಬರ್ತಾರ. ಅಲ್ಲೀತನಾ ತಡೀರಿ."

"ಒಂದು ನಟ್ಟ ಬಿಚ್ಚಾಕ ಮೇಸ್ತ್ರಿ ಬೇಕೇನು? ನಾಳಿ ಹತ್ತಿ ತುಂಬ್ಕೊಂಡು ಗದಗಿಗೆ ಹೋಗೋದೈತಿ ನನಗ."

ಫಕೀರವ್ವನ ತಮ್ಮ ಅರ್ಜುನಪ್ಪ ಅದೇ ಲಾರಿಯ ಮೇಲೆ ಕೆಲಸಕ್ಕಿದ್ದ. ತವರಿನವರು ನಂಬಿ ಕಳಿಸಿದ ಹುಡುಗ, ಮುಂದಿನ ತಿಂಗಳು ಅವನ ಮದುವೆ. ಅವನು ನಟ್ಟಿನ ಮೇಲಿನ ಕೆಸರು ಒರೆಸಿ, "ಮಾವಾ, ಇಲ್ಲೊಂದು ಇಂಗ್ಲಿಷ್ ಅಕ್ಷರ ಐತ್ರಿ. ಎಲ್ ಅಂತ ಕಾಣ್ತೈತಿ," ಅಂದ.

"ಎಲ್ ಅಂದ್ರ ಲಾರಿ! ಮತ್ತೇನು, ಬಸ್ಸಿನ ನಟ್ಟ ಹಾಕ್ತಾರೇನೋ ಇದಕ್ಕ?"

ನೋಡಲು ಕಣದಲ್ಲಿ ನೆರೆದವರೆಲ್ಲ ನಕ್ಕರು. ಫಕೀರವ್ವನೂ ನಕ್ಕಳು. ಆದರೆ ಅವಳ ಕಣ್ಣು ಜಾಕಿನ ಬುಡದ ಮೇಲಿತ್ತು. ಮೊನ್ನೆಯಷ್ಟೇ ಮಳೆಯಾಗಿತ್ತು. ಎರೆಮಣ್ಣಿನ ಗುಣ ಅವಳಿಗೆ ಗೊತ್ತಿಲ್ಲವೇ?

"ಮ್ಯಾಲಷ್ಟ ಒಣಗೇತ್ರಿ, ಒಳಗ ಹಸಿ ಐತಿ. ಜಾಕಿನ ಬುಡಕ ಒಂದು ಹಲಗಿ ಕೊಡ್ರಿ. ಅಚ್ಚಿನ ಕೆಳಗೂ ಏನರ ಇಡ್ರಿ."

"ಚಕ್ಕಡಿಗೆ ಎಣ್ಣಿ ಹಚ್ಚೂವಾಗ ಎಂದರ ಹಲಗಿ ಇಟ್ಟೇನೇನು? ನೀ ರೊಟ್ಟಿ ಬಡಿ ಹೋಗು."

ಅವಳು ಹೋಗಲಿಲ್ಲ. ಬಗಲಮನೆಯ ತಿಪ್ಪವ್ವನನ್ನು ಕರೆದು, ಇಬ್ಬರೂ ಏದುಸಿರು ಬಿಡುತ್ತ ಬೇವಿನ ದಿಮ್ಮಿಯೊಂದನ್ನು ಉರುಳಿಸಿ ತಂದು ಅಚ್ಚಿನ ಕೆಳಗೆ ನೂಕಿದರು. "ಇಡು, ಇಡು. ಅರಿಷಿಣ ಕುಂಕುಮಾನೂ ಹಚ್ಚು," ಎಂದು ಕಳಕಪ್ಪ ಕಿಸಕ್ಕನೆ ನಕ್ಕ. ಹಲಗೆಯ ಮಾತು ಮಾತ್ರ ಅವನ ಕಿವಿಗೆ ಹೋಗಲೇ ಇಲ್ಲ.

ಆಮೇಲೆ ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ಮೇಲೇ ಹತ್ತಿ ನಿಂತ. ಅದೇ ಹೊತ್ತಿಗೆ ಅರ್ಜುನಪ್ಪ ಸೋರುವ ಎಣ್ಣೆಗೆ ಡಬ್ಬಿ ಇಡಲು ಲಾರಿಯ ಕೆಳಗೆ ತೆವಳಿದ.

"ಏ ತಮ್ಮಾ, ಹೊರಗ ಬಾರೋ!"

"ಬಂದೆ ಬಂದೆ, ಯಕ್ಕಾ."

ಕಳಕಪ್ಪ ಪೈಪಿನ ಮೇಲೆ ಜಿಗಿದ. ಪಾನಾ ಜಾರಿ ಹಾರಿತು. ಲಾರಿ ಒಮ್ಮೆ ಹೊಯ್ದಾಡಿತು. ಜಾಕು ಎರೆಮಣ್ಣಿನಲ್ಲಿ ವಾಲಿ, ಕಣ್ಣು ಮಿಟುಕಿಸುವುದರೊಳಗೆ ಲಾರಿ ಧಡಮ್ಮನೆ ಕೂತುಬಿಟ್ಟಿತು.

ಅಯ್ಯೋ ಶಿವನೇ! ಕೆಳಗೆ ಬಿದ್ದ ಕಳಕಪ್ಪ ಬಿದ್ದಲ್ಲೇ ಕೂತಿದ್ದ. ಫಕೀರವ್ವ ತಮ್ಮನನ್ನು ಕೂಗುತ್ತ ಲಾರಿಯ ಬಳಿ ಓಡಿ ಬಗ್ಗಿದಳು. ಲಾರಿಯ ಕೆಳಗೆ ಸದ್ದೇ ಇಲ್ಲ. ಅವ್ವನಿಗೆ ಏನು ಹೇಳಲಿ, ಆ ಮದುವೆಯ ಹೆಣ್ಣಿಗೆ ಏನು ಹೇಳಲಿ ಎಂದು ಹಲುಬಿದಳು.

ಆಗ ಒಂದು ಕೈ ಹೊರಗೆ ಬಂತು. ಹಿಂದೆಯೇ ಅರ್ಜುನಪ್ಪ ಬಂದ, ಮೈತುಂಬ ಎಣ್ಣೆ, ಮುಖ ಬಿಳಿಚಿಹೋಗಿತ್ತು. ಅಚ್ಚು ಬೇವಿನ ದಿಮ್ಮಿಯ ಮೇಲೆ ಕೂತಿತ್ತು. ಅವನ ಎದೆಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಫಕೀರವ್ವ ಅವನ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದಳು, ಆಮೇಲೆ ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಗಂಡನ ಕಡೆ ತಿರುಗಿ, "ನಟ್ಟ ಬಿಚ್ಚಾಕ ಹೋಗಿ ನನ್ನ ತಮ್ಮನ್ನ ನುಂಗ್ತಿದ್ದಿರಿ!" ಎಂದಳು.

ಮಧ್ಯಾಹ್ನ ನಜೀರಸಾಬ ಬಂದವನು ಕೆಸರಿನಲ್ಲಿ ಹುಗಿದ ಜಾಕು ನೋಡಿ ನಿಂತಲ್ಲೇ ನಿಂತ. "ಕೆಳಗ ಯಾರರ ಇದ್ರೇನ್ರಿ?" ಎಂದು ಕೇಳಿದ. ಅರ್ಜುನಪ್ಪನ ಕಡೆ ಫಕೀರವ್ವ ಕೈ ತೋರಿಸಿದಾಗ, "ಯಾ ಅಲ್ಲಾ!" ಎಂದು ಅಲ್ಲೇ ಕುಕ್ಕರಿಸಿದ. "ನರಗುಂದದಾಗ ನನ್ನ ಜೋಡಿ ಕೆಲಸ ಮಾಡಾಂವ ಹಿಂಗ ಹ್ವಾದ. ಅವನ ಲಾರಿ ಕೆಳಗ ದಿಮ್ಮಿ ಇರಲಿಲ್ರಿ."

ಸುಧಾರಿಸಿಕೊಂಡು ನಟ್ಟು ನೋಡಿದ. "ಕಳಕಪ್ಪಣ್ಣಾ, ಎಲ್ ಅಂದ್ರ ಲಾರಿ ಅಲ್ಲ, ಲೆಫ್ಟ್. ಎಡಗಡೆ ನಟ್ಟು, ಇದರ ತಿರುವು ಉಲ್ಟಾ. ನೀವು ಮುಂಜಾನಿಂದ ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತೀರಿ!"

"ನಾ ಅದಕ್ಕ ಜೋರ ಮಾಡಿದಷ್ಟೂ..." ಎನ್ನುತ್ತ ಕಳಕಪ್ಪ ಪಾನಾವನ್ನು ಮೇಸ್ತ್ರಿಯ ಕೈಗಿಟ್ಟ.

ನಜೀರಸಾಬ ಮೊದಲು ಜಾಕಿನ ಬುಡಕ್ಕೆ ದಪ್ಪ ಹಲಗೆ ಹಾಕಿಸಿದ. ನೆಲದ ಮೇಲಿದ್ದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿಸಿದ. ದಿಮ್ಮಿಯನ್ನು ಅಚ್ಚಿಗೆ ತಾಗುವ ಹಾಗೆ ಕೂರಿಸಿದ. ನಟ್ಟಿಗೆ ಚಿಮಣಿ ಎಣ್ಣೆ ಹನಿಸಿ, "ಈಗ ಚಾ ಕುಡಿಯೂಣು, ಅದು ಒಳಗ ಇಳೀಲಿ," ಅಂದ. ಆಮೇಲೆ ಎಲ್ಲರನ್ನೂ ದೂರ ನಿಲ್ಲಿಸಿ, ಉಲ್ಟಾ ತಿರುವಿದ. ಇಡೀ ಮನೆಯನ್ನು ನಡುಗಿಸಿದ ನಟ್ಟು ಕಿರ್ ಎಂದು ಸಡಿಲಾಯಿತು.

"ನಾಳಿ ಗದಗಿಗೆ ಹೋಗಬೇಕಲ್ಲರಿ?" ಎಂದು ಫಕೀರವ್ವ ಕೇಳಿದಳು.

"ಹತ್ತಿ ಎಲ್ಲಿ ಹೋಗ್ತೈತಿ, ಬಿಡು," ಎಂದ ಕಳಕಪ್ಪ. "ಇನ್ಮ್ಯಾಲೆ ದಿಮ್ಮಿ ಇಡೂತನಾ ಯಾರನ್ನೂ ಕೆಳಗ ಬಿಡಂಗಿಲ್ಲ. ನೀ ಹೇಳಿದ್ದು ಖರೇ ಇತ್ತು."

ಲಾರಿ ಇಟ್ಟುಕೊಂಡ ಅಣ್ಣಂದಿರೇ, ಅವರನ್ನು ಕೆಲಸಕ್ಕೆ ಕಳಿಸುವ ಅಕ್ಕ ತಂಗಿಯರೇ, ನಟ್ಟು ಬಿಚ್ಚದಿದ್ದರೆ ಜೋರು ಮಾಡಬೇಡಿರಿ. ಯಾವ ಕಡೆ ತಿರುಗುತ್ತದೆ ಎಂದು ಮೊದಲು ನೋಡಿರಿ, ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಿರಿ. ಜಾಕು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಲಾರಿಯ ಕೆಳಗೆ ತಲೆ ಹಾಕುವ ಮೊದಲು ಒಂದೇ ಮಾತು ಕೇಳಿಕೊಳ್ಳಿರಿ: ಇದು ಈಗ ಬಿದ್ದರೆ, ಯಾವುದರ ಮೇಲೆ ಬೀಳುತ್ತದೆ?