ಕೈತಪ್ಪು

ಡಾಕ್ಟರ ಕಡೆಯಿಂದ ಹಲ್ಲು ವಾಪಸು ಬಂದಾಗ ಹಲ್ಲಪ್ಪ ಮಗುವಿನ ಫೋಟೋ ನೋಡುತ್ತಿದ್ದ. ಫೋನನ್ನು ಮೂಗಿನ ಹತ್ತಿರ ತಂದು, ಆಮೇಲೆ ತೋಳುದ್ದ ದೂರ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ಮತ್ತೆ ಇಳಿಸಿ, ಕೊನೆಗೆ ತೀರ್ಪು ಕೊಟ್ಟ. "ಮೂಗು ನಿಂದೇ, ಅನುಮಾನ ಇಲ್ಲ. ಪುಣ್ಯಕ್ಕೆ ಬಾಕಿ ಎಲ್ಲ ತಾಯಿದು."

ಪಕ್ಕದ ಮೇಜಿನಲ್ಲಿ ಕೂತಿದ್ದ ಮಗುವಿನ ಅಪ್ಪ ನಕ್ಕ. ಮಗಳು ಹುಟ್ಟಿದ ಮೇಲೆ ಕೆಲಸಕ್ಕೆ ಬಂದ ಮೊದಲ ದಿನ ಅದು. ಬೆಳಗ್ಗೆಯಿಂದ ಯಾರು ಏನಂದರೂ ನಗು ಬರುತ್ತಿತ್ತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ ಒಬ್ಬಾತ ಮೇಜಿನ ಮೇಲೆ ಪುಟ್ಟ ಡಬ್ಬಿಯೊಂದನ್ನು ಇಟ್ಟು, ಹೆಚ್ಚು ಮಾತಾಡದೆ ಹೋದ. ಡಬ್ಬಿಯೊಳಗೆ ನಾಲ್ಕು ಹಲ್ಲುಗಳ ಮೇಲೆ ತೊಡಿಸುವ ಕ್ಯಾಪು ಹಾಗೇ ಇತ್ತು. ರೋಗಿಯ ಬಾಯಲ್ಲಿ ಕೂರುತ್ತಿಲ್ಲವೆಂದು ಡಾಕ್ಟರು ಆಗಲೇ ಫೋನು ಮಾಡಿ ಯಜಮಾನನ ಮೇಲೆ ಹಾರಾಡಿದ್ದರಂತೆ.

ಅದು ಹಲ್ಲು ಕಟ್ಟುವ ಕಾರ್ಖಾನೆ. ಕಾರ್ಖಾನೆ ಎಂದರೆ ಹೊಗೆ, ಸೈರನ್ನು ಏನೂ ಇಲ್ಲ. ನೆಲಮಾಳಿಗೆಯ ಒಂದು ಕೋಣೆ, ಅಕ್ಕಪಕ್ಕ ಎರಡು ಮೇಜು, ಎರಡು ದೀಪ, ಉಜ್ಜುವ ಪುಟ್ಟ ಮೋಟಾರುಗಳು, ಮೂಲೆಯಲ್ಲಿ ಒಂದು ಒಲೆ. ಮೇಲಿನ ಕಿಟಕಿಯಲ್ಲಿ ರಸ್ತೆಯ ಜನರ ಕಾಲುಗಳಷ್ಟೇ ಕಾಣುತ್ತಿದ್ದವು. ಸಂಜೆ ಮನೆಗೆ ಹೊರಟರೆ ಇಬ್ಬರೂ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗಿರುತ್ತಿದ್ದರು. ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆ ಪರದೇಶದ ಊರಿನಲ್ಲಿದ್ದ ನಮ್ಮ ಕಡೆಯ ನಾಲ್ಕು ಜನ ಸೇರಿ ಇಟ್ಟದ್ದು. ಊರಿಗೆಲ್ಲ ಹಲ್ಲು ಕಟ್ಟಿಕೊಡುವ ಈ ಹಲ್ಲಪ್ಪನಿಗೆ ಮುಂದಿನ ಒಂದು ಹಲ್ಲಿರಲಿಲ್ಲ. ಕೇಳಿದರೆ, "ನನ್ನ ಬಾಯಿಗೆ ನಾನೇ ಬಿಲ್ಲು ಹಾಕ್ಕೊಳ್ಳೋಕೆ ನಾಚಿಕೆ ಕಣಪ್ಪ" ಎನ್ನುತ್ತಿದ್ದ. ಮಗುವಿನ ಅಪ್ಪನನ್ನು ಅಲ್ಲಿಗೆ ಕರೆಸಿ, ಕೆಲಸಕ್ಕೆ ಹಚ್ಚಿ, ಮೇಣ ಕರಗಿಸುವುದರಿಂದ ಹಿಡಿದು ಹಲ್ಲಿಗೆ ಹಲ್ಲಿನದೇ ಬಣ್ಣ ಹತ್ತಿಸುವವರೆಗೆ ಎಲ್ಲವನ್ನೂ ಕಲಿಸಿದವನು ಇದೇ ಹಲ್ಲಪ್ಪ.

ಈಗ ಹಲ್ಲಪ್ಪ ಕಪಾಟಿನಿಂದ ಆ ರೋಗಿಯ ಪ್ಲಾಸ್ಟರ್ ದವಡೆಯನ್ನು ತೆಗೆದು ದೀಪದ ಕೆಳಗೆ ಹಿಡಿದ. ಡಾಕ್ಟರು ಬಾಯಿಂದ ತೆಗೆದು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹುಯ್ದರೆ ಇಂಥ ದವಡೆ ಸಿಗುತ್ತದೆ. ಅದರ ಮೇಲೆಯೇ ಕ್ಯಾಪು ಕಟ್ಟುವುದು. ದವಡೆ ತಪ್ಪಾದರೆ ಮುಂದಿನದೆಲ್ಲ ತಪ್ಪು. ಹಲ್ಲಪ್ಪ ಲೆನ್ಸಿನಲ್ಲಿ ನೋಡಿದ, ತಿರುಗಿಸಿ ನೋಡಿದ, "ಹೂಂ" ಎಂದು ಕೆಳಗಿಟ್ಟ. ಪಕ್ಕದಿಂದಲೇ ಅವನಿಗೂ ಕಂಡಿತು. ಹಲ್ಲಿನ ಅಂಚಿನಲ್ಲಿ, ಒಳಬದಿಗೆ, ಸಾಸಿವೆ ಕಾಳಿನಷ್ಟು ಒಂದು ಗುಳಿ. ಗಾಳಿಗುಳ್ಳೆ ಕೂತ ಜಾಗ.

ಆ ಪ್ಲಾಸ್ಟರ್ ಹುಯ್ದವನು ಅವನೇ. ಹೆಂಡತಿಗೆ ನೋವು ಶುರುವಾದ ಬೆಳಗ್ಗೆ, ಇನ್ನೂ ದಿನ ತುಂಬಿರಲಿಲ್ಲ, ಪ್ಲಾಸ್ಟರ್ ಕಲಸಿಟ್ಟ ಹೊತ್ತಿಗೇ ಅವಳ ಫೋನು ಬಂದಿತ್ತು. ಕಲಸಿದ ಪ್ಲಾಸ್ಟರ್ ಯಾರಿಗೂ ಕಾಯುವುದಿಲ್ಲ. ಅಚ್ಚನ್ನು ಅದುರುವ ತಟ್ಟೆಯ ಮೇಲೆ ಇಟ್ಟು ಚೂರು ಚೂರೇ ಬಿಡಬೇಕು, ಗಾಳಿಯೆಲ್ಲ ಮೇಲೆ ಬರಬೇಕು. ಅವನು ತಟ್ಟೆಯ ಗುಂಡಿಯನ್ನೂ ಒತ್ತದೆ ಇದ್ದದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದ. "ಹೋಗಪ್ಪ ನೀನು, ಇದೆಲ್ಲ ನಾನು ನೋಡ್ಕೋತೀನಿ" ಎಂದು ಹಲ್ಲಪ್ಪ ಕೈಯಲ್ಲಿದ್ದ ಬಟ್ಟಲನ್ನು ಕಸಿದುಕೊಂಡು ಅವನನ್ನು ಹೊರಗೆ ದಬ್ಬಿದ್ದ. ಆಮೇಲೆ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದ. ಸಂಜೆಯಾದರೆ ಬಿಸಿ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಬರುತ್ತಿದ್ದ. ಆ ಗಡಿಬಿಡಿಯಲ್ಲಿ, ತಾನೇ ಕಲಿಸಿದ ಕೈ ಎಂಬ ನಂಬಿಕೆಯಲ್ಲಿ, ಈ ದವಡೆಯನ್ನು ಲೆನ್ಸ್ ಹಿಡಿದು ನೋಡಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಯಜಮಾನನ ಕರೆ ಬಂತು. ಕರೆ ಬಂದದ್ದು ಹಲ್ಲಪ್ಪನಿಗಲ್ಲ, ಅವನೊಬ್ಬನಿಗೆ.

ಕಾಲ ನೆಟ್ಟಗಿದ್ದಿದ್ದರೆ ಇದೊಂದು ದೊಡ್ಡ ವಿಷಯವೇ ಅಲ್ಲ. ಆದರೆ ಆ ದೇಶದ ಹವಾ ಕೆಟ್ಟು ಕೆಲವು ತಿಂಗಳಾಗಿತ್ತು. ಮಧ್ಯಾಹ್ನವಾದರೆ ಅಂಗಡಿಗಳ ಬಾಗಿಲುಗಳು ಅರ್ಧಕ್ಕೆ ಇಳಿಯುತ್ತಿದ್ದವು. ಚೌಕಗಳಲ್ಲಿ ಬಂದೂಕಿನವರು ನಿಂತಿರುತ್ತಿದ್ದರು. ಯಾರನ್ನು ಕಾಯುತ್ತಿದ್ದಾರೆ, ಯಾರಿಂದ ಕಾಯುತ್ತಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾಳೆ ಏನೋ ಎಂದು ಹೆದರಿದ ಜನ ಎಲ್ಲಕ್ಕಿಂತ ಮೊದಲು ಮುಂದೂಡುವುದು ಹಲ್ಲನ್ನು. ಹೊರದೇಶದವರಿಗೆ ಕೆಲಸವಿದ್ದರಷ್ಟೇ ಇರಲು ಅನುಮತಿ. ಕೆಲಸ ಹೋದವನು ಗಂಟುಮೂಟೆ ಕಟ್ಟಬೇಕು. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳಬಲ್ಲೆ ಎಂದು ಯಜಮಾನ ಹೇಳಿಯಾಗಿತ್ತು. ಯಾರನ್ನು ಎಂದು ಹೇಳಿರಲಿಲ್ಲ. ಅಕ್ಕಪಕ್ಕ ಕೂತ ಇಬ್ಬರೂ ಆ ಮಾತನ್ನು ಬಿಟ್ಟು ಜಗತ್ತಿನ ಬಾಕಿ ಎಲ್ಲ ಮಾತು ಆಡಿದ್ದರು.

ಮಗು ಬೇಗ ಹುಟ್ಟಿತ್ತು. ಗಾಜಿನ ಪೆಟ್ಟಿಗೆಯೊಳಗೆ ಇದ್ದು, ಮೊನ್ನೆ ತಾನೇ ಮನೆಗೆ ಬಂದಿತ್ತು. ತೂಕ ಬರುವವರೆಗೆ ಪ್ರಯಾಣದ ಹೆಸರೆತ್ತಬೇಡಿ, ವಾರ ವಾರ ತಂದು ತೋರಿಸಿ ಎಂದು ಆಸ್ಪತ್ರೆಯವರು ಕಟ್ಟುನಿಟ್ಟಾಗಿ ಹೇಳಿದ್ದರು. ಕೆಲಸ ಹೋದರೆ ಅನುಮತಿ ಹೋಯಿತು, ಅನುಮತಿ ಹೋದರೆ ಆಸ್ಪತ್ರೆ ಹೋಯಿತು.

ಇಷ್ಟಾದರೂ ಮೆಟ್ಟಿಲು ಹತ್ತುವಾಗ ಅವನ ಬಾಯಲ್ಲಿದ್ದದ್ದು ನಿಜವೇ. ಇದನ್ನು ಅವನ ಪರವಾಗಿ ಹೇಳಲೇಬೇಕು. ಆತುರದಲ್ಲಿ ಪ್ಲಾಸ್ಟರ್ ಕೆಟ್ಟಿತು, ಇನ್ನೊಮ್ಮೆ ಮಾಡಿಕೊಡುತ್ತೇನೆ, ಇಷ್ಟೇ ಎರಡು ಮಾತು. ಆದರೆ ಯಜಮಾನ ಅವನನ್ನು ಕೂರಿಸಿ, ಯಾರನ್ನು ಇಟ್ಟುಕೊಳ್ಳುವುದೆಂದು ತಾನೂ ನಿದ್ದೆಗೆಟ್ಟಿದ್ದೇನೆ, ಇಂಥ ಕೆಲಸ ನೋಡಿದ ಮೇಲಾದರೂ ತೀರ್ಮಾನ ಮಾಡಬೇಕು ಎಂದು ಮಾತು ತೆಗೆದ. ಈ ಕ್ಯಾಪು ಕಟ್ಟಿದವರು ಯಾರು ಎಂದು ಕೇಳಿದ. ಹಲ್ಲಪ್ಪ ಎಂದು ಇವನು ಹೇಳಿದ. ಅದು ಸುಳ್ಳಲ್ಲ. ಅಲ್ಲಿಗೆ ಬಾಯಿ ಮುಚ್ಚಿದ್ದರೂ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅವನ ಕೆಲಸ ಒಮ್ಮೆಯೂ ವಾಪಸು ಬಂದಿಲ್ಲವಲ್ಲ, ಈಗೇನಾಯಿತು ಎಂದು ಯಜಮಾನ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ. ಆಗ ಇವನ ನಾಲಗೆ ಅದರ ಪಾಡಿಗೆ ಅದು ಹೊರಳಿತು. ಈಚೆಗೆ ಅವನ ಕೈ ಸ್ವಲ್ಪ ನಡುಗುತ್ತದೆ ಎಂದಿತು. ವಯಸ್ಸಾಯಿತು, ಪಾಪ, ಎಂದೂ ಸೇರಿಸಿತು.

ಅಷ್ಟೇ ಅಲ್ಲ. ಹೊರಡುವ ಮೊದಲು ಜೇಬಿನಿಂದ ಫೋನು ತೆಗೆದು, ಹಲ್ಲು ಗಿಂಜುತ್ತ, ಯಜಮಾನನಿಗೆ ಮಗುವಿನ ಫೋಟೋ ತೋರಿಸಿದ. ಹಲ್ಲಪ್ಪನಿಗೆ ತೋರಿಸಿದ ಅದೇ ಫೋಟೋ. ಯಜಮಾನ ಮುದ್ದಾಗಿದೆ ಎಂದ.

ಕೆಳಗೆ ಬಂದರೆ ಹಲ್ಲಪ್ಪ ಸುತ್ತಿಗೆಯನ್ನು ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದ. ಕಸದ ಡಬ್ಬಿಯಲ್ಲಿ ಪ್ಲಾಸ್ಟರ್ ದವಡೆ ಚೂರು ಚೂರಾಗಿ ಬಿದ್ದಿತ್ತು.

"ಒಡೆದು ಹಾಕ್ದೆ," ಎಂದ ಹಲ್ಲಪ್ಪ, ಮೆಲ್ಲಗೆ. "ಯಜಮಾನರು ಇಳಿದು ಬಂದು ನೋಡಿದ್ರೆ ಆ ಗುಳಿ ಮೊದಲು ಕಣ್ಣಿಗೆ ಬೀಳುತ್ತೆ. ಪ್ಲಾಸ್ಟರ್ ಹುಯ್ಯೋದು ನೀನು ಅಂತ ಅವರಿಗೆ ಗೊತ್ತು. ನನ್ನ ಕೈತಪ್ಪು ಅಂತ ಹೇಳಿ ಬರ್ತೀನಿ. ನಾನು ಹಳೇ ಆಳು, ಬೈತಾರೆ, ಬಿಡ್ತಾರೆ. ನೀನು ಮಾತಾಡ್ಬೇಡ. ಏನೂ ಹೇಳಿಲ್ಲ ತಾನೆ?"

"ಇಲ್ಲ," ಎಂದ ಅವನು.

ಹಲ್ಲಪ್ಪ ಅಂಗಿಯ ಮೇಲಿನ ಬಿಳಿ ಧೂಳನ್ನು ಕೊಡವಿಕೊಂಡು ಮೆಟ್ಟಿಲು ಹತ್ತತೊಡಗಿದ. ಮಂಡಿನೋವಿನ ಆಳು, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುವವನು. ಅಣ್ಣ, ನಿಲ್ಲಿ ಎಂದು ಕೂಗಿ ಹಿಡಿದು ನಿಲ್ಲಿಸಲು ಬೇಕಾದಷ್ಟು ಸಮಯವಿತ್ತು. ಅವನು ಕೂತಲ್ಲೇ ಕೂತ. ಮೈಯೆಲ್ಲ ಬಿಸಿಯಾಗಿ ಕಿವಿ ಸುಟ್ಟುಹೋಗುವಷ್ಟು ನಾಚಿಕೆಯಾಯಿತು. ಆ ನಾಚಿಕೆಯ ಅಡಿಯಲ್ಲೇ, ಸದ್ಯ ಉಳಿದುಕೊಂಡೆ ಎಂಬ ಒಂದು ನೆಮ್ಮದಿಯೂ ಇತ್ತು. ಅದು ಇದೆ ಎಂದು ಗೊತ್ತಾದ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೇಲೆ ಏನು ಮಾತಾಯಿತು ಎಂದು ಕೇಳುವ ಅಗತ್ಯವಿರಲಿಲ್ಲ. ಒಬ್ಬ ಕೈ ನಡುಗುತ್ತದೆ ಎಂದಿದ್ದ, ಇನ್ನೊಬ್ಬ ತಾನಾಗಿಯೇ ಹೋಗಿ ನನ್ನ ಕೈತಪ್ಪು ಎಂದು ಒಪ್ಪಿಕೊಂಡಿದ್ದ. ಇನ್ನೇನು ಬೇಕು? ಹಲ್ಲಪ್ಪ ಇಳಿದು ಬಂದವನು ತನ್ನ ಜಾಗದಲ್ಲಿ ಕೂತು ದೀಪ ಹಾಕಿದ. ಕುಂಚವನ್ನು ಎತ್ತಿಕೊಂಡ, ಇಟ್ಟ. ಆಮೇಲೆ ಬಲಗೈಯನ್ನು ದೀಪದ ಕೆಳಗೆ ಚಾಚಿ, ಬೆರಳುಗಳನ್ನು ಬಿಡಿಸಿ, ಬೇರೆ ಯಾರದೋ ಕೈ ಎಂಬಂತೆ ಅದನ್ನೇ ನೋಡುತ್ತ ಕೂತ.

ಪಕ್ಕದಲ್ಲಿ ಇವನು ಮೋಟಾರು ಚಾಲೂ ಮಾಡಿ, ಉಜ್ಜಲು ಏನೂ ಇಲ್ಲದಿದ್ದರೂ ಏನನ್ನೋ ಉಜ್ಜತೊಡಗಿದ.

ಕೆಲಸ ಹೋಗಿ, ಊರಿಗೆ ಹೊರಡಲು ಉಳಿದ ದಿನಗಳಲ್ಲಿ ಹಲ್ಲಪ್ಪ ಎಂದಿನ ಹಾಗೇ ಇದ್ದ, ಅದೇ ಕಷ್ಟವಾದದ್ದು. ಬೈದಿದ್ದರೆ, ಮುಖ ತಿರುಗಿಸಿದ್ದರೆ, ಇವನಿಗೂ ಒಂದು ದಾರಿ ಸಿಗುತ್ತಿತ್ತು. ಹಲ್ಲಪ್ಪ ಒಲೆಯ ಶಾಖ ಎಷ್ಟಿರಬೇಕೆಂದು ಮತ್ತೊಮ್ಮೆ ಹೇಳಿಕೊಟ್ಟ, ಯಾವ ಡಾಕ್ಟರಿಗೆ ಯಾವ ಬಣ್ಣದ ಹುಚ್ಚು ಎಂದು ಹೇಳಿಕೊಟ್ಟ. ಬೆಳಗ್ಗೆ ಬಂದ ಕೂಡಲೇ ಮಗು ರಾತ್ರಿ ನಿದ್ದೆ ಮಾಡಿತಾ ಎಂದು ಕೇಳುವುದನ್ನು ಮಾತ್ರ ಬಿಟ್ಟಿದ್ದ.

ಮನೆಯಲ್ಲಿ ಇವನು ಹೇಳಿದ್ದು ಬೇರೆ. ಹಲ್ಲಪ್ಪನಿಗೆ ಸಾಕಾಗಿದೆಯಂತೆ, ತಾನಾಗಿಯೇ ಹೊರಟಿದ್ದಾನೆ ಎಂದಿದ್ದ. ಬಾಣಂತಿ ಅತ್ತುಬಿಟ್ಟಳು. ಈ ಪರದೇಶದಲ್ಲಿ ನನಗೆ ತವರು ಅಂತ ಇದ್ದದ್ದು ಅವರೊಬ್ಬರು, ಹೋಗೋ ಮುಂಚೆ ಮಗೂನ ಎತ್ತಿಕೊಂಡು ಹೋಗಲಿ, ಕರೆದುಕೊಂಡು ಬನ್ನಿ ಎಂದು ದಿನವೂ ಪೀಡಿಸಿದಳು. ಇವನು ಇವತ್ತು ಪುರಸೊತ್ತಿಲ್ಲವಂತೆ, ನಾಳೆಯಂತೆ ಎಂದು ತಳ್ಳುತ್ತ ಬಂದ. ಕೊನೆಗೆ ಅವಳೇ ಫೋನು ಮಾಡಿ ಕರೆದಳು.

ಹಲ್ಲಪ್ಪ ಊರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಬಂದ. ಒಂದೇ ಕೋಣೆಯ ಮನೆ. ಕಿಟಕಿಯಿಂದ ಬಾಗಿಲವರೆಗೆ ಕಟ್ಟಿದ ಹಗ್ಗದ ಮೇಲೆ ಮಗುವಿನ ಬಟ್ಟೆಗಳು ಒಣಗುತ್ತಿದ್ದವು. ಅವುಗಳನ್ನು ಸರಿಸಿಕೊಂಡು ಒಳಗೆ ಬಂದು, ಬಾಗಿಲ ಹತ್ತಿರದ ನಲ್ಲಿಯಲ್ಲಿ ಯಾರೂ ಹೇಳದೆಯೇ ಕೈ ತೊಳೆದು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಇವನು ಚಹಾ ಮಾಡುವ ನೆಪದಲ್ಲಿ ಒಲೆಯ ಕಡೆ ತಿರುಗಿ ನಿಂತ. ಹೆಂಡತಿ ಹಲ್ಲಪ್ಪನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಹೇಳದೆ ಕೇಳದೆ ಹೀಗೆ ಹೊರಟರೆ ನಮ್ಮ ಗತಿಯೇನು, ಇಷ್ಟು ವರ್ಷ ಇಲ್ಲದ, ಊರಲ್ಲಿರೋ ಹೆಂಡತಿಯ ನೆನಪು ಈಗ ಬಂತಾ ಎಂದೆಲ್ಲ ರೇಗಿಸಿದಳು. ಹಲ್ಲಪ್ಪ ಹೌದಮ್ಮ, ಹೌದಮ್ಮ ಎಂದು ನಗುತ್ತಿದ್ದ. ತಾನು ಸ್ವಂತ ಇಚ್ಛೆಯಿಂದ ಹೊರಟವನೆಂದು ಅವಳು ತಿಳಿದಿದ್ದಾಳೆ ಎಂಬುದು ಹಲ್ಲಪ್ಪನಿಗೆ ಆಗ ಗೊತ್ತಾಗಿರಬೇಕು. ಅದನ್ನೂ ಅವನು ಸುಳ್ಳು ಮಾಡಲಿಲ್ಲ.

ಅವಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿ ತಂದಳು. "ತಗೊಳ್ಳಿ ಅಣ್ಣ. ನಿಮ್ಮ ಸೊಸೆ."

ಹಲ್ಲಪ್ಪನ ಕೈಗಳು ಅರ್ಧ ಮುಂದೆ ಬಂದು ನಿಂತವು. ನಿಧಾನವಾಗಿ ಎರಡನ್ನೂ ಮಡಿಲಿಗೆ ಎಳೆದುಕೊಂಡ.

"ಬೇಡ ತಾಯಿ. ಇಷ್ಟು ಎಳೇ ಕೂಸು. ನಿನ್ನ ಕೈಯಲ್ಲೇ ಇರಲಿ, ನೋಡ್ತೀನಿ."

"ಅಯ್ಯೋ, ಎತ್ಕೊಳ್ಳಿ. ಏನಾಗಲ್ಲ."

"ನನ್ನ ಕೈ ನಡುಗುತ್ತಂತೆ," ಎಂದ ಹಲ್ಲಪ್ಪ. ಅವನ ದನಿಯಲ್ಲಿ ಚುಚ್ಚುಮಾತಿರಲಿಲ್ಲ. ಡಾಕ್ಟರು ಹೇಳಿದ ಕಾಯಿಲೆಯೊಂದನ್ನು ಹೇಳಿಕೊಂಡ ಹಾಗಿತ್ತು. "ಕಾರ್ಖಾನೇಲಿ ಹಾಗಂದ್ರು. ನನಗಂತೂ ಗೊತ್ತಾಗಿರಲಿಲ್ಲ. ಆದ್ರೆ ಕೇಳಿದ ಮೇಲೆ ಧೈರ್ಯ ಬರಲ್ಲಮ್ಮ."

"ನಿಮ್ಮ ಕೈಯಾ?" ಅವಳು ಗಂಡನ ಕಡೆ ತಿರುಗಿದಳು. "ಅಣ್ಣನ ಕೈ ನಡುಗುತ್ತೇನ್ರೀ? ಪಕ್ಕದಲ್ಲೇ ಕೂತು ಕೆಲಸ ಮಾಡೋರು ನೀವು. ಒಂದು ದಿನಾನೂ ಹೇಳಲಿಲ್ಲ."

ಹಲ್ಲಪ್ಪ ಮುಖ ತಿರುಗಿಸಿ ಕಿಟಕಿಯ ಬಟ್ಟೆಗಳನ್ನು ನೋಡತೊಡಗಿದ. ಹೇಗೆ ಬೇಕಾದರೂ ಹೇಳಿಕೋ ಎಂದು ಇವನಿಗೆ ಜಾಗ ಬಿಟ್ಟುಕೊಟ್ಟಂತಿತ್ತು. ಹೌದು ಎಂದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಹೆಂಡತಿ ಅಯ್ಯೋ ಪಾಪ ಎಂದು ಮಗುವನ್ನು ಮಲಗಿಸುತ್ತಿದ್ದಳು. ಹಲ್ಲಪ್ಪ ಚಹಾ ಕುಡಿದು ಹೋಗುತ್ತಿದ್ದ. ಒಲೆಯ ಮೇಲೆ ಚಹಾ ಉಕ್ಕಿ ಬಂತು. ಅವನು ಒಲೆ ಆರಿಸಿದ.

"ಇಲ್ಲ," ಎಂದ. ಇನ್ನೊಮ್ಮೆ ಹೇಳಿದ. "ನಡುಗಲ್ಲ. ಯಾವತ್ತೂ ನಡುಗಿಲ್ಲ."

"ಮತ್ತೆ ಹಾಗಂದೋರು ಯಾರು?"

ಅವನು ಒಲೆಯ ಮೇಲೆ ಚೆಲ್ಲಿದ ಚಹಾವನ್ನು ನೋಡುತ್ತಿದ್ದ. ಹಲ್ಲಪ್ಪ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಒಬ್ಬರ ಬೆನ್ನನ್ನೂ ಇನ್ನೊಬ್ಬರ ಮುಖವನ್ನೂ ಎರಡೆರಡು ಸಲ ನೋಡಿದಳು. ದಡ್ಡಿಯೇನಲ್ಲ ಅವಳು.

ಆಮೇಲೆ ಅವಳು ಬಗ್ಗಿ, ಕೇಳದೆಯೇ, ಮಗುವನ್ನು ಹಲ್ಲಪ್ಪನ ಮಡಿಲಿಗೆ ಇಟ್ಟಳು. ಒಂದು ಕೈಯನ್ನು ತಾನೇ ಹಿಡಿದು ಕೂಸಿನ ಕುತ್ತಿಗೆಯ ಅಡಿಗೆ ಸೇರಿಸಿದಳು. ಹಲ್ಲಪ್ಪ ಉಸಿರು ಬಿಗಿಹಿಡಿದು ನೆಟ್ಟಗಾದ. ಮಗು ಹುಬ್ಬು ಗಂಟಿಕ್ಕಿ, ತುಟಿ ಚಪ್ಪರಿಸಿ, ಜಾಗ ಸರಿಯಾಗಿದೆ ಎಂಬಂತೆ ಮತ್ತೆ ನಿದ್ದೆಗೆ ಜಾರಿತು. ಅಂಗೈಯಷ್ಟಿದ್ದ ಆ ತಲೆಯ ಕೆಳಗೆ ಹಲ್ಲಪ್ಪನ ಕೈ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಅವಳು ಪಕ್ಕದಲ್ಲೇ ನಿಂತಿದ್ದಳು. ಮಗುವನ್ನು ನೋಡುತ್ತಿರಲಿಲ್ಲ, ಒಲೆಯ ಮುಂದೆ ನಿಂತ ಗಂಡನನ್ನು ನೋಡುತ್ತಿದ್ದಳು.