ಬಿದಿರು ಕುರ್ಚಿಯ ಗಾ-ಝೀ

ಒಂದಕ್ಷರ ಸುಳ್ಳಿಲ್ಲ, ನನ್ನಾಣೆ, ಕಿವಿಯೊಳಗೆ ಹೋಗ್ತಿರೋ ಈ ಹಿತ್ತಾಳೆ ಕಡ್ಡಿ ಮಂಜುಗಡ್ಡೆ ಥರ ಇದೆ — ನನಗೆ ನಾನೇ ಆಣೆ ಹಾಕ್ಕೊಳ್ಳೋ ಹಂಗಾಯ್ತಲ್ಲ, ಚೆಂಗ್ದು ಪಟ್ಟಣದ ಈ ಟೀ ಅಂಗಡೀಲಿ ಮೂವತ್ತು ವರ್ಷ ಕಥೆ ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ — ಕಿವಿ ತೆಗೆಯೋ ಡೆಂಗಣ್ಣ ತುಟಿ ಆಡಿಸ್ತಾನೆ, ಅಲ್ಲಾಡಬೇಡ್ವೋ ಪಾಂಗ್ ಅಂತಿರಬೇಕು, ಒಳಗಿರೋದು ಬರೀ ಗುಗ್ಗೆ ಆಗಿದ್ರೆ ನಾನು ಬದುಕಿದೆ, ಇಲ್ಲಾಂದ್ರೆ ಕಥೆ ಮುಗೀತು, ಕಿವುಡನ ಕಥೆ ಯಾರು ಕೇಳ್ತಾರೆ — ಇನ್ನೊಂದು ಕಿವಿ ಮೊದಲೇ ಹೋಗಿತ್ತು, ಹೊಳೇಲಿ ಮುಳುಗು ಹಾಕಿ ಇಪ್ಪತ್ತೆರಡು ದಿನ, ಇದೂ ನನಗೇ ತಿಳೀದ ಹಂಗೆ ಮಂದ ಆಗ್ತಾ ಬಂದು ಈಗ ಸದ್ದೇ ಇಲ್ಲ, ಕಥೆ ಹೇಳೋದು ಹೇಳ್ಕೊಟ್ಟ ಗುರುಗಳು ಮೊದಲು ಕಲಿಸಿದ್ದೇ ಬಾಯಲ್ಲಿ ಕೆಟ್ಟ ಸದ್ದು ಮಾಡೋದು, ಕತ್ತಿಗೆ ಕತ್ತಿ ತಾಗಿದ್ರೆ ಕ್ವಾಂಗ್, ಹಳೇ ಬಾಗಿಲಿಗೆ ಝೀ-ಯಾ, ಕಾಗೆಗೆ ಗುವಾ, ಹೆಂಚು ಉದುರಿದ್ರೆ ಹುವಾ-ಲಾ, ಇಂಪಾದ್ದು ಯಾರಾದ್ರೂ ಮಾಡ್ತಾರೆ ಕಣೋ, ಹಲ್ಲು ಜುಂ ಅನ್ನಿಸು ನೋಡೋಣ ಅನ್ನೋರು — ಎಲ್ಲಕ್ಕಿಂತ ಕೆಟ್ಟದ್ದು ಗಾ-ಝೀ, ಬಿದಿರು ಕುರ್ಚೀದು, ಜನ ಎದ್ದು ಹೋಗುವಾಗ ಅರಚತ್ತಲ್ಲ ಅದು, ನಾನೋ ಕಣ್ಮುಚ್ಚಿ ಕಥೆ ಹೇಳೋನು, ಒಂದು ಗಾ-ಝೀ ಕೇಳಿದ್ರೆ ಕಥೆಯೊಳಗೆ ಹುಲಿ ತರ್ತೀನಿ, ಎರಡು ಕೇಳಿದ್ರೆ ಹುಲಿಗೆ ಮದುವೆ ಮಾಡಿಸ್ತೀನಿ — ನಿನ್ನೆ ಒಂದೂ ಕೇಳಲಿಲ್ಲ, ಆಹಾ, ಮಂತ್ರ ಹಾಕಿದಂಗೆ ಕೂತಿದಾರೆ ಅಂದ್ಕೊಂಡು ಖುಷೀಲಿ ಹುಲೀನೂ ತಂದೆ, ಅದಕ್ಕೆ ಮೊಮ್ಮಕ್ಕಳಾಗೋ ತನಕ ಎಳೆದೆ, ಕಣ್ಬಿಟ್ರೆ ನಲವತ್ತು ಖಾಲಿ ಕುರ್ಚಿ, ಮುಂದಿನ ಸಾಲಲ್ಲಿ ನನ್ನ ಹೆಂಡ್ತಿ ಚ್ಯೂಲಾನ್ ಒಬ್ಳೇ, ಸೂರ್ಯಕಾಂತಿ ಬೀಜ ಒಡೀತಾ, ನನ್ನ ಕಿವಿ ಕೆಟ್ಟಿದ್ದು ಅವಳಿಗಾಗಲೇ ಗೊತ್ತಾಗಿತ್ತು, ಇವತ್ತು ಬೆಳಗ್ಗೇನೇ ಆ ಕಿವೀನೇ ಹಿಡಿದು ಎಳ್ಕೊಂಡು ಬಂದ್ಳು, ಪಕ್ಕದ ಕುರ್ಚೀಲಿ ಕೂತಿದಾಳೆ, ಬೀಜ ಒಡೆಯೋದು ಕಾಣ್ತಿದೆ, ಕೇಳ್ತಿಲ್ಲ, ಕಡ್ಡಿ ಇನ್ನೂ ಒಳಗೆ, ಅಯ್ಯಪ್ಪಾ, ಏನೋ ಕಿತ್ತು ಬಂತು — ಪೊಕ್ — ಹುವಾ-ಲಾ, ಯಾರದೋ ಮಾಜಾಂಗ್ ಆಟದ ಕಲ್ಲು, ಕ್ವಾಂಗ್‌ದಾಂಗ್, ಯಾರೋ ಕೆಟಲು ಕೆಡವಿದ್ರು, ಥೂ ಅಂತ ಯಾರೋ ಕ್ಯಾಕರಿಸಿದ್ರು, ಎಷ್ಟು ಚೆನ್ನಾಗಿ ಕ್ಯಾಕರಿಸ್ತಾನಪ್ಪ ಪುಣ್ಯಾತ್ಮ — ನೋಡೋ, ಸೋಯಾ ಕಾಳಿನಷ್ಟಿದೆ, ಇದನ್ನ ಇಟ್ಕೊಂಡು ಜನರ ಜೀವ ತಿಂತಿದ್ಯಾ, ಡೆಂಗಣ್ಣ ನಗ್ತಾನೆ, ಕೇಳಿಸ್ತು, ಬೈದಿದ್ದು ಪೂರ್ತಿ ಕೇಳಿಸ್ತು — ಚ್ಯೂಲಾನ್, ನೋಡಿದ್ಯೇನೇ, ಬಾತುಕೋಳಿ ಮೊಟ್ಟೆಯಷ್ಟಿತ್ತು, ನಿನ್ನಾಣೆ, ಒಡೆದ್ರೆ ಒಳಗಡೆ ಒಂದು — ಸಾಕು ಮಾರಾಯ, ಕಿವಿ ಬಂದಿದ್ದೇ ಬಾಯೂ ಬಂತಾ, ಅನ್ನಕ್ಕಿಡಬೇಕು ನಾನು — ಎದ್ಳು, ಬೀಜದ ಸಿಪ್ಪೆ ಕೊಡವಿದ್ಳು, ಹೊರಟೇಬಿಟ್ಳು, ಹುಲಿ ತರಬೇಕಿತ್ತು, ಬಾಯಲ್ಲೇ ಇತ್ತು ಹುಲಿ, ತರಲಿಲ್ಲ, ಇವತ್ತು ಆ ಸದ್ದೇ ಬೇಕಿತ್ತು, ಅವಳ ಕುರ್ಚಿ, ಖಾಲಿ, ಇನ್ನೂ ಅಲ್ಲಾಡ್ತಿದೆ, ಗಾ-ಝೀ, ಗಾ-ಝೀ, ಕುರ್ಚಿ ನಿಲ್ತಾ ಬಂತು, ಗಾ