ಸೋಮಾರಿ ಗುಂಡಿ

ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನಿಗೆ ಒಂದೇ ನಂಬಿಕೆ: ತಿರುಗುವ ವಸ್ತು ತಿರುಗುತ್ತಲೇ ಇರಬೇಕು, ಎಲ್ಲೂ ತಡವರಿಸಬಾರದು. ಹೆತ್ತವರಿಗೆ ಹೆಗ್ಗಣ ಮುದ್ದಾದರೆ ಇವನಿಗೆ ಬೇರಿಂಗ್ ಮುದ್ದು. ಅಂಥವನು ಅಕ್ಕನಿಗಾಗಿ ಪ್ಲೈವುಡ್ಡಿನಲ್ಲಿ ಒಂದು ವಿಡಿಯೊ ಗೇಮ್ ಪೆಟ್ಟಿಗೆ ಕಟ್ಟಿ, ಅದಕ್ಕೆ ಕೂರಿಸಲು ಸ್ಪಿನ್ನರ್ ಆರಿಸುತ್ತಿದ್ದ. ಸ್ಪಿನ್ನರ್ ಅಂದರೆ ಬೇರೇನಲ್ಲ, ಎಡಕ್ಕೂ ಬಲಕ್ಕೂ ಕೊನೆಯಿಲ್ಲದೆ ತಿರುಗುವ ಗುಂಡಿ. ಅದನ್ನು ತಿರುಗಿಸಿದ ಹಾಗೆ ಪರದೆಯ ತಳದಲ್ಲಿರುವ ಹಲಗೆ ಸರಿಯುತ್ತದೆ. ಹಲಗೆಗೆ ಬಡಿದ ಚೆಂಡು ಮೇಲೇರಿ ಇಟ್ಟಿಗೆ ಒಡೆಯುತ್ತದೆ.

ಹರೆಯದಲ್ಲಿ ಅಕ್ಕ ಹೊಲಿಗೆ ಅಂಗಡಿಯಿಂದ ಬರುವ ದಾರಿಯಲ್ಲಿದ್ದ ವಿಡಿಯೊ ಗೇಮ್ ಅಂಗಡಿಯಲ್ಲಿ ನಿಂತು, ಈ ಆಟದಲ್ಲಿ ಬೀದಿಯ ಗಂಡಸರನ್ನೆಲ್ಲ ಮಣ್ಣುಮುಕ್ಕಿಸಿದವಳು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು. ದುಡಿಸಿದರೆ ಕೈ ಮರಳುತ್ತದೆ, ಬಿಟ್ಟರೆ ಬಿಟ್ಟೇ ಹೋಗುತ್ತದೆ ಎಂದಿದ್ದರು ವೈದ್ಯರು. ಅವಳು ವ್ಯಾಯಾಮದ ರಬ್ಬರ್ ಚೆಂಡನ್ನು ಕಪಾಟಿಗೆ ಸೇರಿಸಿ, ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟಳು.

ತಂದ ಸ್ಪಿನ್ನರುಗಳು ಎರಡು. ಒಂದಕ್ಕೆ ಅಡಿಯಲ್ಲಿ ಉಕ್ಕಿನ ಭಾರದ ಚಕ್ರ. ಬೆರಳು ತಾಗಿಸಿದರೆ ನಲವತ್ತು ಎಣಿಸುವವರೆಗೂ ತಿರುಗುತ್ತಿತ್ತು. ಇನ್ನೊಂದು ಬಿಟ್ಟ ಕಡೆಯೇ ನಿಲ್ಲುವಂಥದ್ದು. "ಸೋಮಾರಿ" ಎಂದು ಅದನ್ನು ಬದಿಗೆ ತಳ್ಳಿ, ಮೊದಲನೆಯದನ್ನು ಕೂರಿಸಿ ಅಕ್ಕನನ್ನು ಕರೆದ.

"ಈ ವಯಸ್ಸಲ್ಲಿ ಆಟವೇನೋ? ನಿನಗೆ ಮಾಡೋಕೆ ಬೇರೆ ಬದುಕಿಲ್ವಾ?"

"ಒಂದ್ಸಲ ಮುಟ್ಟಿ ನೋಡಕ್ಕಾ. ಬಲಗೈಲಿ."

ಬಹಳ ಹೊತ್ತಿನ ಮೇಲೆ ಕೈ ಶಾಲಿನಿಂದ ಹೊರಬಂತು. ಗುಂಡಿಯ ಮೇಲೆ ನಡುಗಿತು. ಅಷ್ಟಕ್ಕೇ ಹಲಗೆ ಹುಚ್ಚು ಹಿಡಿದಂತೆ ಮೂಲೆಗೆ ಓಡಿತು. ಅವಳು ತಡೆಯಹೋದಳು, ಅದು ಇನ್ನೊಂದು ಮೂಲೆಗೆ ಹಾರಿತು. ಚೆಂಡು ಬಿದ್ದುಹೋಯಿತು.

"ನನ್ನ ನಡುಕಾನ ಪರದೆ ಮೇಲೆ ದೊಡ್ಡದಾಗಿ ತೋರಿಸೋಕೆ ಇಷ್ಟೆಲ್ಲ ಕಟ್ಟಿದ್ಯಾ?" ಕೈ ಮತ್ತೆ ಶಾಲಿನೊಳಗೆ ಹೋಯಿತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದುಕೊಂಡ. ಮತ್ತೆ ಯೋಚಿಸಿದಾಗ ನಾಚಿಕೆಯಾಯಿತು: ದೈವದ ತಪ್ಪೇನಿದೆ ಇದರಲ್ಲಿ? ಗುಂಡಿಯನ್ನು ಆರಿಸಿದ್ದು ತನ್ನ ಕೈಗೆ, ಅಕ್ಕನ ಕೈಗಲ್ಲ.

ಮರುದಿನ ಬೆಳಿಗ್ಗೆ ದೀಪಕ್ಕೆ ಕೈಮುಗಿದು ಕೆಲಸಕ್ಕೆ ಕುಳಿತ. ಸೋಮಾರಿ ಗುಂಡಿಯನ್ನು ಬಿಚ್ಚಿ, ತೆಳು ಎಣ್ಣೆ ಒರೆಸಿ, ಇನ್ನಷ್ಟು ಬಿಗಿಯಾಗಿ ತಿರುಗಲೆಂದು ಬೆಣ್ಣೆಯಂಥ ಗಟ್ಟಿ ಗ್ರೀಸು ತುಂಬಿದ. ಒಳ್ಳೆಯ ಬೇರಿಂಗಿಗೆ ಹೀಗೆ ಮಾಡುವಾಗ ಹಸುಗೂಸಿಗೆ ಕಹಿ ಔಷಧಿ ಕುಡಿಸಿದಷ್ಟು ಸಂಕಟವಾಯಿತು. ಆದರೂ ತುಂಬಿ, ಅದನ್ನೇ ಪೆಟ್ಟಿಗೆಗೆ ಕೂರಿಸಿದ.

"ಅಕ್ಕಾ, ತಪ್ಪು ನನ್ನದು. ಇನ್ನೊಂದೇ ಸಲ."

"ನಿನ್ನ ಬಾಯಲ್ಲಿ ತಪ್ಪು ಅನ್ನೋ ಮಾತು ಬಂತಲ್ಲ, ಅದಕ್ಕೋಸ್ಕರ ಬರ್ತೀನಿ."

ಈ ಸಲವೂ ಕೈ ನಡುಗಿತು. ಹಲಗೆ ನಡುಗಲಿಲ್ಲ. ಅವಳು ಮೆಲ್ಲಗೆ ತಿರುಗಿಸಿದಳು, ಅಷ್ಟೇ ದೂರ ಸರಿದು ನಿಂತಿತು. ಕೈ ದಣಿಯಿತು, ತೆಗೆದಳು. ಅದು ಅಲ್ಲೇ ಇತ್ತು. ಚೆಂಡು ಬಂದು ತಾಗಿತು, ಒಂದು ಇಟ್ಟಿಗೆ ಹೋಯಿತು.

"ಇದು ನನಗಾಗಿ ಕಾಯುತ್ತೆ ಕಣೋ," ಎಂದಳು.

ಮೂರು ಇಟ್ಟಿಗೆ ಹೋದವು. ನಾಲ್ಕನೆಯದಕ್ಕೆ ಚೆಂಡು ತಪ್ಪಿತು. ಇನ್ನು ಎದ್ದು ಹೋಗುತ್ತಾಳೆ ಎಂದುಕೊಂಡ ಅವನು.

"ಗುಂಡಿ ಸಣ್ಣದಾಯ್ತು, ಬೆರಳು ಜಾರುತ್ತೆ. ಏನು ಲೇತ್ ಕೆಲಸದವನೋ ನೀನು, ಅಳತೆ ತಗೊಳ್ಳದೆ ಕೂರಿಸೋಕೆ? ನಾನು ಹಾಗೆ ರವಿಕೆ ಹೊಲಿದಿದ್ರೆ ಊರವರು ಬಿಡ್ತಿದ್ರಾ?"

ಅವನು ಅಳತೆಯ ಕ್ಯಾಲಿಪರ್ ತಂದ. ಅಕ್ಕ ಬಲಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.